ಪೀಠಿಕೆಯಲ್ಲಿ ಇಲ್ಲದ ಎರಡು ಪದ

ದೊಡ್ಡಣ್ಣ: (ಫೋಟೊ: ಸಂವಿಧಾನ ಪೀಠಿಕೆಯ ಹಳೆಯ ಕೈಬರಹದ ಪುಟ)
ಇದೇ ಅಸಲಿ ಪೀಠಿಕೆ. ‘ಸಮಾಜವಾದಿ’, ‘ಜಾತ್ಯತೀತ’ ಎರಡೂ ಇಲ್ಲ, ಸರಿಯಾಗಿ ನೋಡಿ. ಶಾಲೆಯಲ್ಲಿ ಮಕ್ಕಳಿಗೆ ಬೇರೆಯದನ್ನೇ ಓದಿಸುತ್ತಿದ್ದಾರೆ. ಎಲ್ಲರಿಗೂ ಕಳಿಸಿ.

ನಾನು: ಅಣ್ಣಾ, ಫೋಟೊ ಸುಳ್ಳಲ್ಲ. ಅದು 1949ರ ಪೀಠಿಕೆ. ಆ ಎರಡು ಪದ 1976ರ 42ನೇ ತಿದ್ದುಪಡಿಯಲ್ಲಿ ಸೇರಿದವು. ನಾವು ಓದಿಸುವುದು ಈಗ ಜಾರಿಯಲ್ಲಿರುವುದನ್ನು. ಇದನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು.

ದೊಡ್ಡಣ್ಣ: ತುರ್ತು ಪರಿಸ್ಥಿತಿಯಲ್ಲಿ ಸೇರಿಸಿದ್ದು ತಾನೆ? ಅದನ್ನು ಮಕ್ಕಳಿಗೆ ಹೇಳುತ್ತೀರಾ?

ನಾನು: ನನ್ನ ಕ್ಲಾಸಿನಲ್ಲಿ ಹೇಳುತ್ತೇನೆ. ಹೇಳಲೇಬೇಕು.

ಅತ್ತಿಗೆ: ಮಕ್ಕಳಿಗೆ ಇದೆಲ್ಲ ಯಾಕೆ? ಪ್ರಾರ್ಥನೆ ಹೊತ್ತಲ್ಲಿ ಓದುತ್ತಾರೆ, ಬಾಯಿಪಾಠ ಆಗಿದೆ. ಅಷ್ಟು ಸಾಕಲ್ವಾ? ಸುಮ್ನೆ ಗೊಂದಲ.

ಪುಟ್ಟ: ಅಮ್ಮಾ, ಬಾಯಿಪಾಠ ಇದೆ. ‘ಸಾರ್ವಭೌಮ’ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಿಲ್ಲ. ಅತ್ತೆ, ತುರ್ತು ಪರಿಸ್ಥಿತಿ ಅಂದರೆ ಯುದ್ಧನಾ?

ನಾನು: ಅಲ್ಲ ಪುಟ್ಟಾ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಇತ್ತು. ನಾನು ತಾರೀಕು ಹೇಳಬಲ್ಲೆ, ಅಷ್ಟೇ. ಹೇಗಿತ್ತು ಅಂತ ತಾತನನ್ನು ಕೇಳು. ಆಗ ಅವರು ಹಾಸ್ಟೆಲ್‌ನಲ್ಲಿದ್ದರು.

ಅಪ್ಪ: ಒಂದು ದಿನ ಬೆಳಗ್ಗೆ ಪೇಪರ್ ಬಿಡಿಸಿದೆ. ಸಂಪಾದಕೀಯದ ಜಾಗ ಖಾಲಿ. ಅಚ್ಚು ಬಿದ್ದಿಲ್ಲ ಅಂದುಕೊಂಡು ಪಕ್ಕದ ರೂಮಿನವನ ಪೇಪರ್ ನೋಡಿದೆ. ಅದರಲ್ಲೂ ಖಾಲಿ. ಅವತ್ತು ಮೆಸ್‌ನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದ ಒಬ್ಬನನ್ನು ಆಮೇಲೆ ಪೊಲೀಸರು ಕರೆದುಕೊಂಡು ಹೋದರು. ಅವನ ಸ್ಟೀಲ್ ಲೋಟ ಮೆಸ್ಸಿನ ಕಿಟಕಿ ಮೇಲೆ ತಿಂಗಳುಗಟ್ಟಲೆ ಇತ್ತು. ತೆಗೆದಿಡಲೂ ಹೆದರಿಕೆ ನಮಗೆ.

ದೊಡ್ಡಣ್ಣ: ಅಪ್ಪಾ, ಇದನ್ನು ನಮಗೆ ಯಾವತ್ತೂ ಹೇಳಲೇ ಇಲ್ಲವಲ್ಲ.

ಅಪ್ಪ: ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗಸ್ಟ್ 15ಕ್ಕೆ ಬೇಗ ಎಬ್ಬಿಸಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಸಿ ಕಳಿಸಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ದೊಡ್ಡಣ್ಣ: ಹಾಗಾದರೆ ಆ ಪದಗಳನ್ನು ಸೇರಿಸಿದ್ದು ತಪ್ಪಲ್ವಾ? ನೀವೇ ಹೇಳಿ.

ಅಪ್ಪ: ಸೇರಿಸಿದ ಕಾಲ ಕೆಟ್ಟದ್ದೇ. ಆದರೆ 1978ರಲ್ಲಿ 44ನೇ ತಿದ್ದುಪಡಿ ತಂದು ಆ ಕಾಲದ ಎಷ್ಟೋ ಬದಲಾವಣೆ ತೆಗೆದರು. ಈ ಎರಡು ಪದ ಹಾಗೇ ಉಳಿದವು. ಉಳಿದದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ.

ದೊಡ್ಡಣ್ಣ: ಇದನ್ನು ನಾನು ಒಪ್ಪುವುದಿಲ್ಲ ಅಪ್ಪಾ.

ನಾನು: ಒಪ್ಪಬೇಡ ಅಣ್ಣಾ. ನವೆಂಬರ್ 26 ಸಂವಿಧಾನ ದಿನ. ಇಬ್ಬರೂ ನನ್ನ ಒಂಬತ್ತನೇ ತರಗತಿಗೆ ಬನ್ನಿ. ಈ ಮಾತನ್ನೇ ಅಲ್ಲಿ ಆಡಿ. ಹೋದ ವಾರ ಒಬ್ಬಳು ಎದ್ದು ನಿಂತು, ‘ಮಿಸ್, ಪೀಠಿಕೆಯಲ್ಲಿ ಬರುವ ಈ ನಾವು ಅಂದರೆ ಯಾರ್ಯಾರು?’ ಅಂತ ಕೇಳಿದಳು. ನನ್ನ ಉತ್ತರ ನನಗೇ ಸಾಲಲಿಲ್ಲ.

ಪುಟ್ಟ: ತಾತ, ಆ ಲೋಟದವರು ವಾಪಸ್ ಬಂದರಾ?

ಅಪ್ಪ: ಬಂದ ಮಗಾ. ಫೋನ್ ಮಾಡು, ಹೇಳುತ್ತೇನೆ. ಇದನ್ನು ಟೈಪ್ ಮಾಡೋಕೆ ಆಗಲ್ಲ.