ಚಂದನನಗರದ ಡೂಪ್ಲೆ ಮನಿಗೆ ಅವ್ವನ್ನ ಕರ್ಕೊಂಡು ಹೋಗಬಹುದೇನ್ರಿ?

ಗದಗಿನವ:
ದೀಪಾವಳಿ ಸೂಟಿಗೆ ಅಮರಾವತಿ ಎಕ್ಸ್‌ಪ್ರೆಸ್ ಹಿಡದು ಕೋಲ್ಕತ್ತಾಕ್ಕ ಹೊಂಟೀವ್ರಿ. ಹೂಗ್ಲಿ ದಂಡಿಮ್ಯಾಲಿನ ಫ್ರೆಂಚರ ಊರು ನೋಡೂದೈತಿ. ಅವ್ವಗ ಮೊಣಕಾಲ ಬ್ಯಾನಿ. ಫ್ರೆಂಚ್ ಗವರ್ನರ್ ಡೂಪ್ಲೆ ಇದ್ದ ಮನಿ ಮ್ಯೂಸಿಯಂ ಆಗೇತಂತ, ಅಷ್ಟು ದೂರ ಹೋಗೂದು ಸಾರ್ಥಕನ?

ಸಾಧನಕೇರಿ:
ಧಾರಾಳ ಹೋಗ್ರಿ. ಹೌರಾದಿಂದ ಬ್ಯಾಂಡೆಲ್ ಲೋಕಲ್, ತಾಸಿನ ಹಾದಿ. ಪಾಂಡಿಚೇರಿ ಗವರ್ನರ್ ಆಗೂಕಿಂತ ಮೊದಲ ಡೂಪ್ಲೆ ಇಲ್ಲೇ ಕಾರಭಾರ ಮಾಡಿದಾಂವ. ಒಳಗ ಫ್ರೆಂಚರ ಕಾಲದ ತೋಪು, ಕಟಗಿ ಸಾಮಾನು ಅದಾವ. ಖರೇ ಹೇಳ್ಬೇಕಂದ್ರ ನನಗ ಹೊರಗಿನ ಸ್ಟ್ರ್ಯಾಂಡ್ ರಸ್ತೇನ ಜಾಸ್ತಿ ಸೇರಿತು: ಗಿಡದ ನೆರಳು, ಕುಂದ್ರಾಕ ಬೆಂಚು, ಎದುರಿಗೆ ಹೊಳಿ. ಅವ್ವಾರು ಅಲ್ಲೇ ಆರಾಮ ಕುಂಡ್ರತಾರ. ಜೊಲ್‌ಭರಾ ಸಂದೇಶ ಅನ್ನೂ ಸಿಹಿ ತಿನ್ನಸ್ರಿ. ಕಡದ ಕೂಡ್ಲೆ ಒಳಗಿಂದ ಗುಲಾಬಿ ನೀರಿನ ಪಾಕ ಗಲ್ಲದ ಮ್ಯಾಲೆ ಇಳಿತೈತಿ, ಕರವಸ್ತ್ರ ಇರ್ಲಿ!

ಹಾವೇರಿ ಅಕ್ಕ:
ತಮ್ಮಾ, ಅದ ಲೈನಿನ್ಯಾಗ ಶ್ರೀರಾಂಪುರಕ್ಕೂ ಇಳಿ. 1845ರ ತನಕ ಡೇನರ ಊರು. 1786ರ ಡೆನ್ಮಾರ್ಕ್ ಟ್ಯಾವರ್ನ್ ರಿಪೇರಿ ಆಗಿ ಈಗ ಕೆಫೆ ಆಗೇತಿ. ವಿಲಿಯಂ ಕೇರಿ ಬರದ ಕನ್ನಡ ವ್ಯಾಕರಣ 1817ರಾಗ ಅಚ್ಚಾಗಿದ್ದು ಅಲ್ಲೇ. ಕಿಟ್ಟೆಲ್ ಹೆಸರು ನಮ್ಮ ಕಡೆ ಎಲ್ಲಾರ ಬಾಯಾಗೈತಿ, ಕೇರಿ ಯಾರಿಗೂ ನೆನಪಿಲ್ಲ.

ಗದಗಿನವ:
ಹಂಗಾದ್ರ ಮುಂಜಾನೆ ಶ್ರೀರಾಂಪುರ, ಮಧ್ಯಾಹ್ನ ಚಂದನನಗರ. ಕೆಫೆದಾಗ ಸಸ್ಯಾಹಾರಿ ಏನರ ಸಿಗತೈತೇನಕ್ಕಾ?