ಕುಂದಾಪುರ–ಬೈಂದೂರು ಕಡೆ ಕಡಲ ಹತ್ರ ಹಳೇ ಹಂಚಿನ ಮನೆ, ಈಗ ತಗೋಬಹುದಾ?

ಹನುಮಂತನಗರದವ

ಎಲ್ರಿಗೂ ನಮಸ್ಕಾರ. ನಾನು, ನನ್ ಹೆಂಡ್ತಿ ಇಬ್ರೂ ಬೆಂಗ್ಳೂರಲ್ಲಿ ಐಟಿ ಕೆಲ್ಸ, ವಾರಕ್ಕೆ ಎರಡು ದಿನ ಆಫೀಸು. ಕೋವಿಡ್ ಟೈಮಲ್ಲಿ ಮರವಂತೆ ಹತ್ರ ಒಂದು ಹೋಮ್‌ಸ್ಟೇಲಿ ಎರಡು ತಿಂಗಳು ಇದ್ವಿ, ಅವತ್ತಿಂದ ಅವಳಿಗೆ ಒಂದೇ ಹಠ, ಅಲ್ಲೇ ಎಲ್ಲಾದ್ರೂ ಒಂದು ಸಣ್ಣ ಮನೆ ಬೇಕು ಅಂತ. ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಸಂಜೆ ಹತ್ತಿದ್ರೆ ಬೆಳಿಗ್ಗೆ ಕುಂದಾಪುರ, ಸೋ ಓಡಾಟ ಕಷ್ಟ ಇಲ್ಲ.

ಈಗ ಬೈಂದೂರು ಕಡೆ ಒಂದು ಮನೆ ನೋಡಿದೀವಿ. 14 ಸೆಂಟ್ಸ್ ಜಾಗ, ಹಳೇ ಹಂಚಿನ ಮನೆ, ಬಾವಿ, ಹನ್ನೆರಡು ತೆಂಗಿನಮರ. ಗೂಗಲ್ ಮ್ಯಾಪಲ್ಲಿ ಅಳೆದ್ರೆ ನೀರಿಂದ 230 ಮೀಟರ್. ಓನರ್‌ಗಳು ಮುಂಬೈಲಿದಾರಂತೆ, ಹೇಳ್ತಿರೋ ರೇಟು 72 ಲಕ್ಷ. ಬ್ರೋಕರ್ ಹೇಳೋದು, ನಾಕು ವರ್ಷದ ಹಿಂದೆ ಇದು ಅರ್ಧಕ್ಕೆ ಸಿಗ್ತಿತ್ತು, ಇನ್ನೊಂದು ವರ್ಷ ಬಿಟ್ರೆ ಕೋಟಿ ದಾಟತ್ತೆ, "ಸಿಆರ್‌ಝಡ್ (ಕಡಲ ದಡದಲ್ಲಿ ಕಟ್ಟೋದಕ್ಕಿರೋ ನಿರ್ಬಂಧ) ಎಲ್ಲಾ ತೆಗ್ದಿದಾರೆ ಸಾರ್, ಕೆಡವಿ ಎರಡು ಫ್ಲೋರ್ ಎತ್ತಿ, ನೀವು ಬರ್ದಿರೋ ದಿನ ಬಾಡಿಗೆಗೆ ಬಿಡಿ, ಇಎಂಐ ಅದೇ ಕಟ್ಕೊಳತ್ತೆ" ಅಂತ. ಹಿತ್ತಲ ಮೂಲೇಲಿ ಪೊದೆ ಮಧ್ಯೆ ನಾಗರ ಕಲ್ಲಿದೆ, ಅದನ್ನ ಬೇರೆ ಕಡೆ ಇಡಿಸಬಹುದು ಅಂದ.

ಇದ್ರಲ್ಲಿ ನಿಜ ಎಷ್ಟು? ಆ ಕಡೆಯವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ತ್ರಾಸಿ ಬದಿಯವ

ಹ್ವಾಯ್, ನಾಕ್ ವರ್ಷದ ಹಿಂದೆ ಅರ್ಧಕ್ಕೆ ಅಲ್ಲ ಮಾರಾಯ್ರೆ, ನಾಕ್ ವರ್ಷದ ಹಿಂದೆ ಅದನ್ನ ಕೇಳುಕೇ ಯಾರೂ ಇರ್ಲಿಲ್ಲ.

ನಾನ್ ಸಣ್ಣಕಿಪ್ಪತ್ತಿಗೆ ನಮ್ ಊರಲ್ಲಿ "ಎರಡನೇ ಮನೆ" ಅಂದ್ರೆ ಬೊಂಬಾಯಿ ಹೋಟ್ಲಿನವರ ಮನೆ. ಅಲ್ಲಿ ಕ್ಯಾಂಟೀನಲ್ಲಿ ದುಡಿದು ಇಲ್ಲಿ ಟೆರೇಸ್ ಮನೆ ಕಟ್ಟುದು, ವರ್ಷ ಇಡೀ ಬೀಗ, ಮೇ ತಿಂಗಳಲ್ಲಿ ಮದುವೆ, ಜಾತ್ರೆ, ಕೋಲ ಅಂತ ಬಪ್ಪುದು, ನಾಗರಪಂಚಮಿಗೆ ಒಂದು ಸಲ ಬಪ್ಪುದು. ಬಾಕಿ ಟೈಮಲ್ಲಿ ಆಚೆಮನೆ ಅಕ್ಕ ದೀಪ ಹಚ್ಚಿ, ಅಂಗಳ ಗುಡಿಸಿ ತೆಂಗಿನಕಾಯಿ ತಕಂಡ್ ಹೋಗ್ತಿದ್ರು. ಆ ಮನೆಗಳನ್ನ ಯಾರೂ ಮಾರ್ತಿರ್ಲಿಲ್ಲ, ತಗೊಳ್ಳುವವ್ರೂ ಇರ್ಲಿಲ್ಲ. ಕಡಲ ಬದಿ ಜಾಗ ಅಂದ್ರೆ ಆಗ ನಮ್ಗೆ ಕಡಿಮೆ ಜಾಗ, ಮರಳು ನೆಲ, ಗದ್ದೆ ಆಗೂದಿಲ್ಲ, ಉಪ್ಪು ಗಾಳಿ. ಪಾಲಾಗುವಾಗ ಗದ್ದೆ ಗಂಡುಮಕ್ಳಿಗೆ, ಪಡು ಬದಿ ಮರಳು ಜಾಗ ಹೆಣ್ಮಕ್ಳಿಗೆ ಕೊಟ್ಟವರೂ ಇದ್ರು ನಮ್ ಬದಿಯಲ್ಲಿ. ಈಗ ಅವರೇ ಲಕ್ಷಾಧಿಪತಿಗಳು, ಒಳ್ಳೇದೇ ಆಯ್ತು ಅನ್ನಿ.

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುಕೆ ಶುರುವಾಯ್ತು, ಆಮೇಲೆ ಹೈವೇ ಫೋರ್‌ಲೇನ್ ಆಯ್ತು, ಆದ್ರೂ ರೇಟು ಈ ಪರಿ ಏರ್ಲಿಲ್ಲ. ಏರಿದ್ದು 2020ರ ಮೇಲೆ. ಒಂದು, ನಿಮ್ಮಂಥವ್ರಿಗೆ ಮನೆಯಿಂದ್ಲೇ ಕೆಲ್ಸ ಆಯ್ತು. ಇನ್ನೊಂದು, ಅದೇ ವರ್ಷ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ್ರು, ಕೃಷಿಕ ಅಲ್ದವ್ರೂ ಕೃಷಿ ಜಾಗ ತಗೊಳ್ಳಬಹುದು ಅಂತ ಆಯ್ತು. ಈಗ ಬಸ್‌ಸ್ಟ್ಯಾಂಡಿಗೊಬ್ಬ ಬ್ರೋಕರ್. ಪಡುಬಿದ್ರಿ, ಕಾಸರಕೋಡು ಬೀಚಿಗೆ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚ್ ಅಂತ ಕೊಡು ಸರ್ಟಿಫಿಕೇಟು) ಸಿಕ್ಕಿದ್ದನ್ನ ಅರವತ್ತು ಕಿಲೋಮೀಟರಿಗಿಂತ ದೂರ ಇಪ್ಪ ನಮ್ ಊರಿನ ಸೈಟಿನ ಜಾಹೀರಾತಲ್ಲಿ ಹಾಕ್ತ್ರು, ಕಾಣಿ!

ಒಂದೇ ಮಾತು, ಬ್ರೋಕರ್ ಹೇಳುದು ಕೇಳುವ ರೇಟು, ಆಗುವ ರೇಟಲ್ಲ. ನಮ್ಮನೆ ದಾರೀಲಿ "ಸೀ ವ್ಯೂ ಪ್ಲಾಟ್ ಮಾರಾಟಕ್ಕಿದೆ" ಬೋರ್ಡು ಮೂರು ಮಳೆಗಾಲ ಕಂಡಿದೆ, ಫೋನ್ ನಂಬ್ರ ಅಳಿಸಿ ಹೋಗಿ ಮತ್ತೆ ಬರ್ದಿದ್ದಾರೆ. ಕಳೆದ ಎರಡು ವರ್ಷದಲ್ಲಿ ನಿಜವಾಗಿ ರಿಜಿಸ್ಟ್ರಿ ಆದದ್ದು ಎಷ್ಟಕ್ಕೆ ಅಂತ ಊರಲ್ಲಿ ಚಾ ಅಂಗಡೀಲಿ ಕೂತು ಕೇಳಿ, ಎರಡು ದಿನ ಬೇಕಾದ್ರೂ ಕೂತ್ಕೊಳ್ಳಿ.

ಹಳೇ ಸರ್ವೆಯರ್

ಸಿಆರ್‌ಝಡ್ ತೆಗ್ದಿದಾರೆ ಅಂದವನ ಹತ್ರ ಹಾಲು ಕೂಡ ತಗೋಬೇಡಿ.

ತೆಗ್ದಿಲ್ಲ, 2019ರ ಜನವರಿಯಲ್ಲಿ ಹೊಸ ನೋಟಿಫಿಕೇಶನ್ ಬಂದು ಸ್ವಲ್ಪ ಸಡಿಲ ಆಗಿದೆ ಅಷ್ಟೇ. ಹಳ್ಳಿ ಕಡೆ ಜಾಗ ಹೆಚ್ಚಾಗಿ ಸಿಆರ್‌ಝಡ್-3. ಅದನ್ನ ಎ, ಬಿ ಅಂತ ಒಡೆದಿದ್ದಾರೆ. 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇದ್ರೆ ಎ, ಅಲ್ಲಿ ಕಟ್ಟಬಾರದ ಪಟ್ಟಿ 50 ಮೀಟರ್. ಇಲ್ದಿದ್ರೆ ಬಿ, ಅಲ್ಲಿ ಹಿಂದಿನ ಹಾಗೇ 200 ಮೀಟರ್. ಮನೆ, ತೋಟ, ಗದ್ದೆ ಅಂತ ಹರಡ್ಕೊಂಡಿರೋ ನಮ್ಮ ಕಡೆ ಹಳ್ಳೀಲಿ 2161 ಬರೋದು ಸುಲಭ ಅಲ್ಲ, ಆದ್ರೂ ಊಹೆ ಬೇಡ, ಮ್ಯಾಪ್ ನೋಡಿ.

ನಿಮ್ಮ 230 ಮೀಟರ್ ಲೆಕ್ಕಕ್ಕೇ ಇಲ್ಲ. ನೀವು ಅಳೆದದ್ದು ಮೊಬೈಲಲ್ಲಿ ಕಾಣೋ ನೀರಿನ ಅಂಚಿಂದ. ಕಾನೂನಲ್ಲಿ ಅಳೆಯೋದು ಭರತದ ಗೆರೆಯಿಂದ, ಹೈ ಟೈಡ್ ಲೈನ್ ಅಂತಾರಲ್ಲ ಅದು, ಚೆನ್ನೈನ ಎನ್‌ಸಿಎಸ್‌ಸಿಎಂ ಅನ್ನೋ ಕೇಂದ್ರ ಸರ್ಕಾರದ ಕರಾವಳಿ ಸಂಸ್ಥೆ ಗುರುತು ಮಾಡಿರೋದು. ಅದು ನೀರಿಗಿಂತ ಒಳಗೇ ಬರತ್ತೆ. 230 ಇದ್ದದ್ದು 190 ಆದ್ರೆ ಕಥೆ ಬೇರೆ. 200ರ ಒಳಗೆ ಬಿದ್ರೆ ಇರೋ ಅಧಿಕೃತ ಮನೆ ರಿಪೇರಿ ಮಾಡಬಹುದು, ಅದೇ ಪಾಯ, ಅದೇ ಅಳತೇಲಿ ಮತ್ತೆ ಕಟ್ಟಬಹುದು, ಅದಕ್ಕಿಂತ ಹೆಚ್ಚು ಇಲ್ಲ. 200 ದಾಟಿ 500ರ ಒಳಗೆ ಅಂದ್ರೂ 9 ಮೀಟರ್ ಎತ್ತರ, ಗ್ರೌಂಡ್ ಪ್ಲಸ್ ಒಂದು, ಅದೂ ಊರಿನ ಸಾಂಪ್ರದಾಯಿಕ ಹಕ್ಕಿನ ವ್ಯಾಪ್ತಿಯಲ್ಲಿ ಅಂತ ಬರೆದಿದ್ದಾರೆ. ಹೊರಗಿನವ್ರು ಬಂದು ಹೊಸದಾಗಿ ಕಟ್ಟೋವಾಗ ಆ ಒಂದು ಪದದ ಮೇಲೇ ಫೈಲು ನಿಲ್ಲೋದು. ಹಿಂದೆ ಹೊಳೆ ಇದ್ರೆ ಅದಕ್ಕೂ ಬೇರೆ ಪಟ್ಟಿ ಇದೆ, ಮರವಂತೇಲಿ ಒಂದು ಕಡೆ ಕಡಲು ಒಂದು ಕಡೆ ಸೌಪರ್ಣಿಕಾ ಅಂತ ಫೋಟೋ ತೆಗೀತೀರಲ್ಲ, ಜಾಗ ತಗೊಳ್ಳೋವ್ನಿಗೆ ಅದು ಎರಡೂ ಕಡೆ ತಲೆನೋವು.

ಆಮೇಲೆ ಕಾಗದ. ಆರ್‌ಟಿಸಿ (ಪಹಣಿ) ಒಂದರಲ್ಲೇ ಖುಷಿ ಪಡಬೇಡಿ. ಮನೆ ಅಡಿ ಜಾಗ ಕೃಷಿಯಿಂದ ಕನ್ವರ್ಶನ್ ಆಗಿದ್ಯಾ, ಪಂಚಾಯ್ತಿಯ ನಮೂನೆ 9 ಮತ್ತೆ 11 ಇದ್ಯಾ, ಇ-ಸ್ವತ್ತಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಬರ್ತಿದ್ಯಾ ನೋಡಿ, ಇಲ್ದಿದ್ರೆ ಬ್ಯಾಂಕು ಲೋನ್ ಕೊಡಲ್ಲ. 14 ಸೆಂಟ್ಸ್ ಅಂತ ತೋರಿಸೋದ್ರಲ್ಲಿ ವರ್ಗ ಜಾಗ (ಸ್ವಂತ ಪಟ್ಟಾ ಜಾಗ) ಎಷ್ಟು, ಅದಕ್ಕೆ ಹೊಂದ್ಕೊಂಡಿರೋ ಕುಮ್ಕಿ ಎಷ್ಟು ಕೇಳಿ. ಕುಮ್ಕಿ ಸರ್ಕಾರದ್ದು, ಅನುಭೋಗ ಮಾತ್ರ, ಬೇಲಿ ಒಳಗಿದೆ ಅಂತ ಮಾರೋಕೆ ಬರಲ್ಲ. ಬೇಲಿ ನೋಡಿ ದುಡ್ಡು ಕೊಟ್ಟು, ಅಳತೆ ಮಾಡಿಸಿದಾಗ ಬಾವಿ ಕುಮ್ಕೀಲಿ ಬಿದ್ದವ್ರನ್ನ ನಾನೇ ನೋಡಿದೀನಿ. ಇನ್ನು 72 ಅಂದ್ರೆ 72 ಅಲ್ಲ, ಸ್ಟ್ಯಾಂಪ್ ಡ್ಯೂಟಿ, ಸೆಸ್ಸು, 2025ರ ಆಗಸ್ಟ್ ಕೊನೆಗೆ 1ರಿಂದ 2 ಪರ್ಸೆಂಟ್ ಆದ ರಿಜಿಸ್ಟ್ರೇಶನ್ ಫೀಸು ಎಲ್ಲಾ ಸೇರಿ ಏಳೂವರೆ ಪರ್ಸೆಂಟ್ ದಾಟತ್ತೆ.

ಕುಮಟೆಗೆ ಹೋಗಿ ಬಂದವಳು

ಕಾನೂನು ಅವರು ಹೇಳಿದ್ರು, ನಾನು ಬಾಡಿಗೆ ಕಥೆ ಹೇಳ್ತೀನಿ. ನಾವು ಕುಮಟಾ ಹತ್ರ ಕಡಲಿಂದ ಅರ್ಧ ಕಿಲೋಮೀಟರಲ್ಲಿ 6 ಗುಂಟೆಲಿ (ಆ ಕಡೆ ಸೆಂಟ್ಸ್ ಅಲ್ಲ, ಗುಂಟೆ ಲೆಕ್ಕ, 1 ಗುಂಟೆ ಅಂದ್ರೆ ಎರಡೂವರೆ ಸೆಂಟ್ಸ್) ಒಂದು ಮನೆ ಮಾಡಿ, ನಾಕು ವರ್ಷ ಇಟ್ಕೊಂಡು, ಹೋದ ವರ್ಷ ಮಾರಿ ಬಿಟ್ವಿ. ಲಾಸ್ ಏನಿಲ್ಲ, ಲಾಭ ಅಂತ ಹೇಳೋ ಹಾಗೂ ಇಲ್ಲ.

ಇಎಂಐ ಅದೇ ಕಟ್ಕೊಳತ್ತೆ ಅಂತ ನಮಗೂ ಹೇಳಿದ್ರು. ಅಕ್ಟೋಬರಿಂದ ಮೇ ತನಕ ಶನಿವಾರ ಭಾನುವಾರ ಫುಲ್, ಒಪ್ಕೋತೀನಿ, ಡಿಸೆಂಬರ್ ಕೊನೇ ವಾರ ಹೇಳಿದ ರೇಟಿಗೆ ಹೋಗತ್ತೆ. ಸೋಮವಾರದಿಂದ ಗುರುವಾರ ನೊಣ. ಜೂನ್ ಬಂತು ಅಂದ್ರೆ ನಾಕು ತಿಂಗಳು ಝೀರೋ, ಇಎಂಐಗೆ ಮಳೆಗಾಲ ಇಲ್ವಲ್ಲ. ಮ್ಯಾನೇಜ್ ಮಾಡ್ತೀವಿ ಅಂತ ಒಂದು ಕಂಪನಿ ಬಂತು, ಅವ್ರ ಕಮಿಷನ್, ಕ್ಲೀನಿಂಗು, ಬೆಡ್‌ಶೀಟು ಒಗೆಯೋದು ಅಂತ ಕಳೆದು ಕೈಗೆ ಬಂದದ್ದರಲ್ಲಿ ಕರೆಂಟ್ ಬಿಲ್ಲು ಮತ್ತೆ ತೋಟದವನ ಸಂಬಳ ಆಯ್ತು. ಮೊದಲು ನಮ್ಮ ರಸ್ತೇಲಿ ಬಾಡಿಗೆಗೆ ಬಿಡೋ ಮನೆ ನಮ್ದೊಂದೇ, ಮಾರೋ ಹೊತ್ತಿಗೆ ಒಂಬತ್ತು. ಎಲ್ಲರ ಹತ್ರಾನೂ ಅದೇ ಬಿಳಿ ಗೋಡೆ, ಅದೇ ಬೆತ್ತದ ಉಯ್ಯಾಲೆ, ರೇಟು ಇಳಿಸದೇ ಇನ್ನೇನು ಮಾಡೋದು.

ಮತ್ತೆ ಉಪ್ಪು. ಮೊದಲ ಮಳೆಗಾಲ ಮುಗಿಸಿ ದಸರಾಗೆ ಹೋದ್ರೆ ಗೇಟಿನ ಬೀಗಕ್ಕೆ ಕೀ ಹೋಗ್ತಿಲ್ಲ, ಪಕ್ಕದ ಮನೆಯವ್ರು ಎಣ್ಣೆ ಬಿಟ್ರು ಆಗ್ಲಿಲ್ಲ, ಕೊನೆಗೆ ಆಕ್ಸಾ ಬ್ಲೇಡಲ್ಲಿ ಕುಯ್ದು ಒಳಗೆ ಹೋದ್ವಿ. ಕಪಾಟು ತೆಗೆದ್ರೆ ನಮ್ಮತ್ತೆ ರೇಷ್ಮೆ ಸೀರೆ ಮೇಲೆ ಹಸಿರು ಬೂಷ್ಟು, ಫ್ರಿಜ್ಜಿನ ಹಿಂದಿನ ತಗಡು ಮುಟ್ಟಿದ್ರೆ ಹಪ್ಪಳದ ಹಾಗೆ ಉದುರ್ತು. ಕಂಟ್ರಾಕ್ಟರ್ ಬೆಂಗ್ಳೂರಿಂದ ಕರ್ಕೊಂಡು ಹೋಗಿದ್ವಿ, ಅದು ನಮ್ಮ ದೊಡ್ಡ ತಪ್ಪು. ಅವ್ನು ಪಡುವಣ ಕಡೆ ದೊಡ್ಡ ಗ್ಲಾಸ್ ಕಿಟಕಿ ಇಟ್ಟ, ಸಮುದ್ರ ಕಾಣತ್ತೆ ಅಂತ. ಆ ಕಡೆ ಊರವ್ರು ಯಾರೂ ಪಡುವಣಕ್ಕೆ ದೊಡ್ಡ ಕಿಟಕಿ ಇಡಲ್ಲ, ಮೇ ಕೊನೇಲಿ ಜಗುಲಿಗೆ ಮಡ್ಲಿನ ತಟ್ಟಿ (ತೆಂಗಿನ ಗರಿ ಹೆಣೆದ ಮರೆ) ಕಟ್ತಾರೆ, ಯಾಕೆ ಅಂತ ನಮಗೆ ಜೂನಲ್ಲಿ ಗೊತ್ತಾಯ್ತು, ಮಳೆ ಮೇಲಿಂದ ಬರಲ್ಲ ಅಲ್ಲಿ, ಅಡ್ಡ ಬರತ್ತೆ. ನೀವು ನೋಡಿರೋ ಹಳೇ ಮನೆ ಅಷ್ಟು ವರ್ಷ ನಿಂತಿದೆ ಅಂದ್ರೆ ಅದನ್ನ ಕೆಡವೋ ಯೋಚನೆ ಬಿಡಿ ಅಂತ ನನ್ನ ಅಭಿಪ್ರಾಯ, ಮುರಕಲ್ಲು, ಹಂಚು, ಇಳಿಜಾರು ಮಾಡು, ಅದಕ್ಕೆ ಆ ಗಾಳಿ ಅಭ್ಯಾಸ ಆಗಿದೆ.

ಬಾವಿ ನೀರು ಏಪ್ರಿಲ್ ಕೊನೆ ಇಲ್ಲ ಮೇನಲ್ಲಿ ನೋಡಿ, ಡಿಸೆಂಬರಲ್ಲಿ ಎಲ್ಲಾ ಬಾವೀನೂ ಸಿಹಿ. ಸೋಪು ನೊರೆ ಬರ್ತಿಲ್ಲ, ಬೇಳೆ ಬೇಯ್ತಿಲ್ಲ ಅಂದ್ರೆ ಉಪ್ಪು ಒಳಗೆ ಬಂದಿರಬಹುದು ಅಂತ ಅರ್ಥ.

ದುಬೈ ಭಟ್ರು

ನಾನು ಮಾರೋರ ಕಡೆಯವನು, ಅದಕ್ಕೆ ಬರೀತಿದೀನಿ. ನಮ್ಮದೂ ಅಂಥದ್ದೇ ಮನೆ, ಕೋಟೇಶ್ವರದ ಪಡು ಬದಿ. ಅಜ್ಜನ ಹೆಸರಲ್ಲಿದೆ, ಸೈನ್ ಹಾಕಬೇಕಾದವ್ರು ಹನ್ನೊಂದು ಜನ, ಮುಂಬೈ, ಪುಣೆ, ಬಹ್ರೇನ್, ಒಬ್ಳು ಅತ್ತೆ ಶಿವಮೊಗ್ಗದಲ್ಲಿ. ಬ್ರೋಕರ್ "ಓನರ್‌ಗಳು ಮುಂಬೈಲಿದಾರೆ" ಅಂದ್ರೆ ಎಷ್ಟು ಜನ ಅಂತ ಕೇಳಿ. ಒಬ್ರ ಪವರ್ ಆಫ್ ಅಟಾರ್ನಿ ಇಟ್ಕೊಂಡು ಅಡ್ವಾನ್ಸ್ ತಗೊಳ್ಳೋಕೆ ಓಡಾಡ್ತಾರೆ, ನೀವು ಕುಟುಂಬದ ವಂಶವೃಕ್ಷ ಕೇಳದೇ ಐದು ಪೈಸೆ ಕೊಡಬೇಡಿ. ಬಂಟ್ರ ಇಲ್ಲಾ ಬಿಲ್ಲವರ ಮನೆ ಆಗಿದ್ರೆ ಅಳಿಯಸಂತಾನದ (ತಾಯಿ ಕಡೆಯಿಂದ ಆಸ್ತಿ ಹೋಗೋ ಪದ್ಧತಿ) ಹಳೇ ಪಾಲುಪತ್ರಾನೂ ನೋಡಬೇಕಾಗ್ಬಹುದು, ಅದನ್ನ ಓದೋಕೆ ಊರಿನ ವಕೀಲರೇ ಬೇಕು, ಬೆಂಗ್ಳೂರಿನವ್ರಿಗೆ ತಲೆಬುಡ ಗೊತ್ತಾಗಲ್ಲ.

ಆ ನಾಗರ ಕಲ್ಲು. ದಯವಿಟ್ಟು ಅದನ್ನ ಎತ್ತಿಡಬಹುದು ಅಂದವನ ಮಾತು ಕೇಳಬೇಡಿ. ನಂಬಿಕೆ ಇದೆಯೋ ಇಲ್ವೋ ಬೇರೆ ಪ್ರಶ್ನೆ. ಅದು ಮೂಲನಾಗ (ಕುಟುಂಬದ ಮೂಲ ನಾಗನ ನೆಲೆ) ಆಗಿದ್ರೆ ಆ ಕುಟುಂಬದವ್ರು ಮನೆ ಮಾರಿದ್ರೂ ನಾಗರಪಂಚಮಿಗೆ ತನು ಹಾಕೋಕೆ (ನಾಗನಿಗೆ ಹಾಲು, ಎಳನೀರು ಎರೆಯೋಕೆ) ಬಂದೇ ಬರ್ತಾರೆ, ನಲವತ್ತು ಜನ, ಎಳನೀರು, ಹಾಲು, ಹಿಂಗಾರ ಹಿಡ್ಕೊಂಡು ನಿಮ್ಮ ಹಿತ್ತಲಿಗೆ. ಕ್ರಯಪತ್ರದಲ್ಲೇ ಅಷ್ಟು ಜಾಗ, ಹೋಗೋ ದಾರಿ ಬಿಟ್ಟು ಬರೆಸ್ಕೊಳ್ಳಿ. ನಿಮಗೆ ಊರಿನ ಪರಿಚಯ ಆಗೋದೂ ಅವತ್ತೇ.

ಇನ್ನೊಂದು, ಈ ಥ್ರೆಡ್ ನೋಡ್ತಿರೋ ಗಲ್ಫಿನವ್ರಿಗೆ: 79ಎ-ಬಿ ಹೋಯ್ತು ಅಂತ ಎನ್‌ಆರ್‌ಐಗಳಿಗೆ ಕೃಷಿ ಜಾಗ ತಗೊಳ್ಳೋ ಹಕ್ಕು ಬಂದಿಲ್ಲ. ಅದು ಫೆಮಾ, ವಿದೇಶಿ ವಿನಿಮಯದ ಬೇರೆ ಕಾನೂನು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳೋ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದ್ರೆ ಇಟ್ಕೋಬಹುದು.

ಗಂಗೊಳ್ಳಿ ಗಾಳಿ

ಎಲ್ರೂ ತಗೊಳ್ಳೋರ ಕಡೆಯಿಂದ ಮಾತಾಡ್ತಿದೀರಿ, ನಾನು ಮೀನುಗಾರರ ಮನೆ ಹುಡುಗಿ, ನಮ್ಮ ಕಡೆದೂ ಸ್ವಲ್ಪ ಕೇಳಿ.

ನನ್ನ ತಮ್ಮನಿಗೆ ಮದುವೆ ಆಗಿ ಬೇರೆ ಮನೆ ಮಾಡಬೇಕು, 5 ಸೆಂಟ್ಸ್ ಜಾಗ ಸಾಕು. ನಮ್ಮ ಕೇರೀಲೇ ನಾವು ಹುಟ್ಟಿದ ದಾರೀಲೇ ಸಿಗ್ತಿಲ್ಲ, ಹೇಳೋ ರೇಟು ಕೇಳಿದ್ರೆ ಅಪ್ಪ ಎದ್ದು ಬರ್ತಾರೆ. ಹೈವೇ ಆಚೆ ಮೂರು ಕಿಲೋಮೀಟರ್ ಒಳಗೆ ನೋಡ್ತಿದೀವಿ. ಕಡಲಿಗೆ ಹೋಗೋನು ಕಡಲಿಂದ ದೂರ ಇದ್ರೆ ಹೆಂಗೆ, ಬೆಳಗಿನ ಜಾವ ಮೂರು ಗಂಟೆಗೆ ಗಾಳಿ ನೋಡೋಕೆ ಬೈಕ್ ಹತ್ತಿ ಬರ್ಬೇಕಾ?

ನಮ್ಮಲ್ಲಿ ಹೊಸದಾಗಿ ಬಂದವ್ರೊಬ್ರು ಕಾಂಪೌಂಡ್ ಹಾಕಿದ್ರು, ಅವರ ಜಾಗವೇ, ಕಾಗದ ಸರಿ ಇದೆ. ಆದ್ರೆ ನಾಡದೋಣಿ ಎಳ್ಕೊಂಡು ಹೋಗೋ ಓಣಿ ಅಲ್ಲೇ ಇತ್ತು, ಅಜ್ಜನ ಕಾಲದಿಂದ. ಯಾವ ನಕ್ಷೇಲೂ ಇಲ್ಲ. ಈಗ ಸುತ್ತು ಹಾಕಿ ಹೋಗ್ತಾರೆ. ಅದಾಗಿ ಆರು ತಿಂಗಳಿಗೆ ಒಣಮೀನು ವಾಸನೆ ಅಂತ ಪಂಚಾಯ್ತಿಗೆ ಅರ್ಜಿ ಕೊಟ್ರು. ಅಮ್ಮ ಸೀಗಡಿ ಒಣಗಿಸ್ತಾ ಇದ್ದದ್ದು ಅವ್ರು ಬರೋಕೆ ಮೂವತ್ತು ವರ್ಷ ಮೊದಲಿಂದ.

ಬರಬೇಡಿ ಅಂತಿಲ್ಲ. ಬೀಗ ಹಾಕಿದ ಮನೆಗಿಂತ ದೀಪ ಇರೋ ಮನೆ ಒಳ್ಳೇದೇ. ಆದ್ರೆ 2019ರ ರೂಲಲ್ಲಿ ಹೋಮ್‌ಸ್ಟೇ ನಡೆಸೋ ಅವಕಾಶ ಇಟ್ಟಿರೋದು ಸ್ಥಳೀಯರಿಗೆ, ಮೀನುಗಾರರೂ ಸೇರಿ, ಇರೋ ಮನೆಯ ಅಳತೆ, ರೂಪ ಬದಲಾಯಿಸದೇ. ನಮ್ಮ ಚಿಕ್ಕಮ್ಮ ಎರಡು ರೂಮು ಹಾಗೆ ಕೊಡ್ತಾರೆ, ಮೀನುಸಾರು ಊಟ ಸೇರಿ. ನೀವು ಬಾಡಿಗೆಗೆ ಅಂತ ಎರಡು ಫ್ಲೋರ್ ಎತ್ತಿದ್ರೆ ಅವ್ರ ಹೊಟ್ಟೆಗೆ ಹೊಡೆದ ಹಾಗೆ.

ಹನುಮಂತನಗರದವ

ಇಷ್ಟು ಉತ್ತರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಗಂಗೊಳ್ಳಿಯವ್ರೆ, ನಿಮ್ಮದು ಓದಿ ನನ್ ಹೆಂಡ್ತಿ ಅರ್ಧ ಗಂಟೆ ಮಾತಾಡ್ಲಿಲ್ಲ, ಬಾಡಿಗೆ ಪ್ಲ್ಯಾನ್ ಅವತ್ತೇ ಹೋಯ್ತು.

ಹೋದ ವಾರ ಹೋಗಿ ಬಂದೆ. ಬಾವಿ ನೀರಲ್ಲಿ ಸೋಪು ಹಾಕಿ ನೋಡ್ದೆ, ಪರವಾಗಿಲ್ಲ, ನೊರೆ ಬಂತು. ಓನರ್‌ಗಳು ಏಳು ಜನ ಅಂತೆ, ಬ್ರೋಕರ್ ಮೂರು ಅಂದಿದ್ದ. 14 ಸೆಂಟ್ಸಲ್ಲಿ ಹಿಂದಿನ ತೆಂಗಿನ ಸಾಲು ಕುಮ್ಕಿ ಇರಬಹುದು ಅಂತ ಪಕ್ಕದ ಮನೆ ಅಜ್ಜಿ ಮೆಲ್ಲಗೆ ಹೇಳಿದ್ರು. ಅವರ ಮನೆಯವ್ರೇ ಮುಂಬೈಗೆ ಫೋನ್ ಹಚ್ಚಿ ಕೊಟ್ರು, ದೊಡ್ಡಣ್ಣನ ಹತ್ರ ಮಾತಾಡ್ದೆ, ಒಳ್ಳೇ ಮನುಷ್ಯ. ಮೊದಲು ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡ್ತೀವಿ, ಆಮೇಲೆ ಮಾತು ಅಂದೆ. ನಕ್ಕು, ಜೂನಲ್ಲಿ ಇದ್ದು ತೋರ್ಸಿ, ಆಮೇಲೆ ರೇಟು ನಾನೇ ಕಡಿಮೆ ಮಾಡ್ತೀನಿ ಅಂದ್ರು.

ಒಂದು ಪ್ರಶ್ನೆ ಮಾತ್ರ, ಆ ಮಡ್ಲಿನ ತಟ್ಟಿ ಕಟ್ಟೋರು ಯಾರಾದ್ರೂ ಸಿಗ್ತಾರಾ ಅಲ್ಲಿ?

ತ್ರಾಸಿ ಬದಿಯವ

ಒಬ್ರಿದ್ದಾರೆ, ವಯಸ್ಸಾಗಿದೆ, ಈಗ ಎಲ್ರೂ ನೀಲಿ ತಾಡಪಾಲು ಕಟ್ಟುದು. ಮಡ್ಲು ನೀವೇ ಒಟ್ಟು ಮಾಡಿ ಇಡ್ಕ್, ಹನ್ನೆರಡು ಮರದ್ದು ಸಾಕು. ಮೇ ಇಪ್ಪತ್ತರ ಒಳಗೆ ಹೇಳಿ, ಆಮೇಲೆ ಅವ್ರು ಫೋನ್ ತೆಗುದಿಲ್ಲ.