ಪದಚರ್ಚೆ: ಔಷಧ ‘ವಿಫಲ’ವಾಯಿತೋ, ನಾಟಲಿಲ್ಲವೋ, ಒಗ್ಗಲಿಲ್ಲವೋ?

ಬಲ್ಲವರಿಗೆಲ್ಲ ನಮಸ್ಕಾರ.

ಹೊಸ ಔಷಧಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದ ಹತ್ತು ಔಷಧಗಳಲ್ಲಿ ಸುಮಾರು ಒಂಬತ್ತು ಅಂಗಡಿಯ ಮುಖವನ್ನೇ ಕಾಣುವುದಿಲ್ಲ ಎಂಬುದು ಅದರ ಸಾರ. ಎರಡು ಪುಟದಲ್ಲಿ ಹದಿನಾಲ್ಕು ಸಲ ‘ವಿಫಲ’ ಎಂದು ಬರೆದು ಬೇಸರವಾಯಿತು. ಯಾಕೆ ಬಿದ್ದಿತು ಎಂಬುದನ್ನು ಆ ಪದ ಹೇಳುವುದೇ ಇಲ್ಲ.

ಕಳೆದ ವಾರ ತೀರ್ಥಹಳ್ಳಿಯಿಂದ ಬಸವನಗುಡಿಯ ನಮ್ಮ ಮನೆಗೆ ಬಂದ ಅತ್ತೆ, ಅರ್ಧ ಖಾಲಿಯಾದ ಎರಡು ಮಾತ್ರೆಪಟ್ಟಿಗಳನ್ನು ಮೇಜಿನ ಮೇಲೆ ಹಾಕಿ, “ಇದು ನಾಟಲಿಲ್ಲ, ಅದು ಒಗ್ಗಲಿಲ್ಲ” ಎಂದರು. ಒಂದರಿಂದ ಕೆಮ್ಮು ಹೋಗಲಿಲ್ಲ, ಇನ್ನೊಂದರಿಂದ ಮೈಯೆಲ್ಲ ತುರಿಕೆ. ಔಷಧಗಳು ಪರೀಕ್ಷೆಯಲ್ಲಿ ಬೀಳುವ ಎರಡು ದೊಡ್ಡ ಕಾರಣಗಳೂ ಇವೇ! ನಾಟದೆ ಬೀಳುವವೇ ಹೆಚ್ಚು. ಇಲಿಗೆ ನಾಟಿದ್ದು ಮನುಷ್ಯನಿಗೆ ನಾಟುವುದಿಲ್ಲ. ರೋಗಿಗಳಲ್ಲಿ ಗುಣ ಕಾಣುತ್ತದೆಯೇ ಎಂದು ನೋಡುವ ಎರಡನೆಯ ಹಂತದಲ್ಲಿ ಅದು ಬಯಲಾಗುತ್ತದೆ. ದುಡ್ಡಿನ ಲೆಕ್ಕ ಕೂಡಿಬರದೆ ಕಂಪನಿಯೇ ನಿಲ್ಲಿಸಿದರೆ ‘ಕೈಬಿಟ್ಟರು’ ಸಾಕು.

(‘ಅಭ್ಯರ್ಥಿ ಔಷಧ’ ಎಂಬ ಪ್ರಯೋಗವನ್ನೂ ಕಂಡೆ. ಅದು ಸೋತರೆ ಠೇವಣಿ ಕಳೆದುಕೊಂಡಂತೆ ಕೇಳಿಸುತ್ತದೆ. ನನಗೆ ಬೇಡ.)

ತೊಡಕಾಗಿರುವುದು ಟಾರ್ಸೆಟ್ರಾಪಿಬ್. ಫೈಜರ್ ಕಂಪನಿಯ ಈ ಔಷಧ ‘ಒಳ್ಳೆಯ’ ಕೊಲೆಸ್ಟರಾಲನ್ನು ಚೆನ್ನಾಗಿಯೇ ಏರಿಸಿತು. ಆದರೆ ಸುಮಾರು 15,000 ಜನರ ಪರೀಕ್ಷೆಯಲ್ಲಿ ಅದನ್ನು ಸೇವಿಸಿದವರ ಗುಂಪಿನಲ್ಲೇ ಸಾವು ಹೆಚ್ಚಿದ್ದರಿಂದ 2006ರ ಡಿಸೆಂಬರಿನಲ್ಲಿ ನಿಲ್ಲಿಸಿದರು. ರಕ್ತಪರೀಕ್ಷೆಯ ಚೀಟಿ ನೋಡಿದರೆ ನಾಟಿದೆ, ರೋಗಿಯನ್ನು ನೋಡಿದರೆ ಇಲ್ಲ. ‘ಒಗ್ಗಲಿಲ್ಲ’ ಎಂದರೆ ಸಾವಿನ ಮಾತಿಗೆ ತೀರಾ ಮೆತ್ತಗಾಯಿತು; ತುರಿಕೆಗೆ ಸಲ್ಲುವ ಪದ ಅದು. ‘ಮುಳುವಾಯಿತು’ ಎಂದು ಬರೆದು ಹೊಡೆದುಹಾಕಿದ್ದೇನೆ, ಸುದ್ದಿಯ ತಲೆಬರಹದ ವಾಸನೆ ಬಂತು.

ಇನ್ನೊಂದು ಅನುಮಾನ. ಗಾಂಧಿ ಬಜಾರಿನ ಔಷಧದಂಗಡಿಯವರ ಮುಂದೆ ‘ನಾಟು’ ಎಂದದ್ದಕ್ಕೆ ಅವರು ನಕ್ಕು, “ನಾಟುವುದು ಪೈರು, ಇಲ್ಲವೇ ಮುಳ್ಳು. ಔಷಧಿ ಹಿಡಿಯುತ್ತದೆ ಸ್ವಾಮಿ” ಎಂದರು. ಹಾಗಾದರೆ ಮಲೆನಾಡಿನ ಮಾತನ್ನು ಬೆಂಗಳೂರಿನ ಓದುಗರ ಮೇಲೆ ಹೇರುತ್ತಿದ್ದೇನೆಯೇ? ಕೋಲಾರ, ಧಾರವಾಡ, ಬೀದರಿನ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಔಷಧ ನಾಟುತ್ತದೆಯೇ, ಹಿಡಿಯುತ್ತದೆಯೇ, ಹತ್ತುತ್ತದೆಯೇ? ಟಾರ್ಸೆಟ್ರಾಪಿಬ್‌ಗೆ ನೀವಾದರೆ ಯಾವ ಕ್ರಿಯಾಪದ ಹಾಕುತ್ತಿದ್ದಿರಿ?